ಜೇನು ಹಾಕಿದ ಬಿಯರಿನಲ್ಲಿ ಸಿಹಿ ಎಲ್ಲಿ ಹೋಯಿತು?

ಪ್ರಶ್ನೆ: ನಾನು ಶಿರಸಿ ಕಡೆಯವನು, ಉದ್ಯೋಗದ ಕಾರಣ ಪುಣೆಯ ಬಾಣೇರಿನಲ್ಲಿ ನೆಲೆಸಿದ್ದೇನೆ. ಊರಲ್ಲಿ ಅಪ್ಪ ಅಡಿಕೆ ತೋಟದಲ್ಲಿ ತುಡುವೆ ಜೇನಿನ ಪೆಟ್ಟಿಗೆಗಳನ್ನು ಇಟ್ಟಿದ್ದಾರೆ. ಹಾಗಾಗಿ ಜೇನಿನ ರುಚಿ ನನಗೆ ಚೆನ್ನಾಗಿ ಗೊತ್ತು. ಕಳೆದ ತಿಂಗಳು ಇಲ್ಲಿನ ಒಂದು ಮೈಕ್ರೊಬ್ರೂವರಿಯಲ್ಲಿ ‘ಜೇನು ಸೇರಿಸಿದ ಬೆಲ್ಜಿಯನ್ ಶೈಲಿಯ ಫಾರ್ಮ್‌ಹೌಸ್ ಏಲ್’ ಎಂಬುದನ್ನು ಆಸೆಯಿಂದ ತರಿಸಿಕೊಂಡೆ. ಸಿಹಿ ಎಳ್ಳಷ್ಟೂ ಇರಲಿಲ್ಲ. ಬಣ್ಣ ಮಸುಕು ಹಳದಿ, ನೊರೆ ವಿಪರೀತ, ಮೂಗಿಗೆ ಲವಂಗ ಮತ್ತು ಕಾಳುಮೆಣಸು, ಕೊನೆಯಲ್ಲಿ ತುಸು ಹುಳಿ, ಒದ್ದೆ ಹುಲ್ಲಿನಂಥ ಒಂದು ವಾಸನೆ. ಜೇನು ಹಾಕಿಯೇ ಇಲ್ಲವೇ, ಅಥವಾ ಬಿಯರ್ ಕೆಟ್ಟಿತ್ತೇ? ಅಪ್ಪನಿಗೆ ಹೇಳಿದರೆ, ‘ಜೇನು ಕುದಿಸಿದರೆ ವಿಷ, ಅದನ್ನು ಕುಡಿಯಬೇಡ’ ಎಂದರು. ಸಹೋದ್ಯೋಗಿಯೊಬ್ಬರು ಇದಕ್ಕೆ ತದ್ವಿರುದ್ಧ: ‘ಜೇನಿನ ಬಿಯರ್ ಆರೋಗ್ಯಕ್ಕೆ ಒಳ್ಳೆಯದು, ಸಕ್ಕರೆ ಕಾಯಿಲೆ ಇರುವವರೂ ಕುಡಿಯಬಹುದು’ ಎನ್ನುತ್ತಾರೆ. ಗೆಳೆಯನೊಬ್ಬ ಬೆಲ್ಜಿಯಂನಿಂದ ತಂದುಕೊಟ್ಟ ಇಂಥದ್ದೇ ಮುಕ್ಕಾಲು ಲೀಟರಿನ ಬಾಟಲಿ ಮನೆಯಲ್ಲಿದೆ. ಅದಕ್ಕೆ ನಮ್ಮ ತೋಟದ ಜೇನು ಬೆರೆಸಿ, ಮತ್ತೆ ಬಿರಡೆ ಹಾಕಿ ಕೆಲವು ದಿನ ಇಟ್ಟರೆ ರುಚಿ ಬರುತ್ತದೆಯೇ? ಅಪ್ಪನ ಜೇನಿನಿಂದಲೇ ಇಲ್ಲಿ ಬಿಯರ್ ಮಾಡಿಸಲು ಸಾಧ್ಯವೇ?

ಉತ್ತರ: ಮೊದಲು ಬಾಟಲಿಯ ವಿಷಯ, ಏಕೆಂದರೆ ಅದು ಅಪಾಯದ್ದು. ದಯವಿಟ್ಟು ಅದಕ್ಕೆ ಜೇನು ಬೆರೆಸಿ ಮುಚ್ಚಿಡಬೇಡಿ. ಕಾರಣವನ್ನು ಮುಂದೆ ಲೆಕ್ಕದ ಸಮೇತ ಹೇಳುತ್ತೇನೆ.

ಇನ್ನು ನಿಮ್ಮ ಮುಖ್ಯ ಅನುಮಾನ. ಸಿಹಿ ಇಲ್ಲ, ಆದ್ದರಿಂದ ಜೇನು ಹಾಕಿಲ್ಲ. ಹುಳಿ ಇದೆ, ಆದ್ದರಿಂದ ಕೆಟ್ಟಿದೆ. ನೀವು ವರ್ಣಿಸಿದ ಗ್ಲಾಸಿನಿಂದ ಈ ಎರಡೂ ತೀರ್ಮಾನಗಳು ಹುಟ್ಟುವುದಿಲ್ಲ. ಬಿಯರ್ ಕಾರ್ಖಾನೆಯ ರುಚಿ ಪರೀಕ್ಷೆಯ ಮೇಜಿನಲ್ಲಿ ಕುಳಿತು ಕೆಲಸ ಮಾಡಿದವನಾಗಿ ಹೇಳುವುದಾದರೆ, ನಿಮ್ಮ ವರ್ಣನೆ ಸರಿಯಾಗಿ ತಯಾರಾದ ಫಾರ್ಮ್‌ಹೌಸ್ ಏಲ್‌ಗೆ, ಅಂದರೆ ಹೊಲಮನೆ ಶೈಲಿಯ ಬಿಯರಿಗೆ, ಬಹಳ ಹತ್ತಿರವಾಗಿದೆ. ಒದ್ದೆ ಹುಲ್ಲಿನ ವಾಸನೆಯೊಂದನ್ನು ಮಾತ್ರ ಸ್ವಲ್ಪ ವಿಚಾರಿಸಿ ನೋಡಬೇಕು.

ಜೇನು ಅಂದರೆ ಸಿಹಿ ಎಂಬುದು ನಾಲಗೆಯ ಅಭ್ಯಾಸ. ಬಾಯಿಗೆ ಹಾಕಿಕೊಂಡ ಜೇನಿಗೆ ಅದು ನಿಜ, ಹುದುಗಿದ ಜೇನಿಗೆ ನಿಜವಲ್ಲ. ಜೇನುತುಪ್ಪದಲ್ಲಿ ಸುಮಾರು ಶೇ 80ರಷ್ಟು ಸಕ್ಕರೆ, ಉಳಿದದ್ದು ಬಹುಪಾಲು ನೀರು. ಆ ಸಕ್ಕರೆಯಲ್ಲಿ ಹೆಚ್ಚಿನ ಭಾಗ ಫ್ರಕ್ಟೋಸ್ ಮತ್ತು ಗ್ಲೂಕೋಸ್. ಯೀಸ್ಟ್‌ಗೆ ಇವು ಅರೆದಿಟ್ಟ ಊಟವಿದ್ದಂತೆ, ಒಡೆಯುವ ಶ್ರಮವೂ ಇಲ್ಲದೆ ನೇರ ಆಲ್ಕೋಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಆಗುತ್ತವೆ. ಬಾರ್ಲಿ ಮಾಲ್ಟ್‌ನಿಂದ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಿಂದ, ಬರುವ ಸಕ್ಕರೆ ಹಾಗಲ್ಲ. ಅದರಲ್ಲಿ ಡೆಕ್ಸ್‌ಟ್ರಿನ್ ಎಂಬ ಉದ್ದನೆಯ ಸರಪಳಿಗಳಿರುತ್ತವೆ. ಸಾಮಾನ್ಯ ಯೀಸ್ಟ್ ಅವನ್ನು ಮುಟ್ಟುವುದಿಲ್ಲ. ಬಿಯರಿಗೆ ಮೈತುಂಬಿದ ಗುಣ ಕೊಡುವುದು ಆ ಉಳಿಕೆಯೇ. ಹೀಗಾಗಿ ಮಾಲ್ಟಿನ ಒಂದು ಪಾಲು ತೆಗೆದು ಆ ಜಾಗಕ್ಕೆ ಜೇನು ಹಾಕಿದರೆ ಬಿಯರ್ ಸಿಹಿಯಾಗುವ ಬದಲು ತೆಳುವಾಗುತ್ತದೆ, ‘ಒಣ’ ಆಗುತ್ತದೆ, ಅಂದರೆ ಸಿಹಿಯ ಉಳಿಕೆ ಇಲ್ಲದಂತಾಗುತ್ತದೆ. ಮಾಲ್ಟನ್ನು ಕಡಿಮೆ ಮಾಡದೆ 20 ಲೀಟರಿಗೆ 1 ಕಿಲೊ ಜೇನು ಸೇರಿಸಿದರೆ ಆಲ್ಕೋಹಾಲ್ ಸುಮಾರು ಶೇ 2ರಷ್ಟು ಏರುತ್ತದೆ. ಸಿಹಿ ಆಗಲೂ ಏರುವುದಿಲ್ಲ.

ಇದರ ಮೇಲೆ ಈ ಶೈಲಿಯ ಯೀಸ್ಟ್‌ನ ಹಸಿವು ಬೇರೆ. ಸೈಸಾನ್ ಎಂದು ಕರೆಯುವ ಈ ಬಿಯರಿನ ಊರು ಬೆಲ್ಜಿಯಂನ ಫ್ರೆಂಚ್ ಭಾಷಿಕ ಭಾಗದ ಎನೋ ಪ್ರಾಂತ್ಯ. ಹೊಲಮನೆಗಳಲ್ಲಿ ತಂಪಿನ ತಿಂಗಳುಗಳಲ್ಲಿ ತಯಾರಿಸಿ, ಬೇಸಿಗೆಯಲ್ಲಿ ಹೊಲದ ಕೆಲಸ ಮಾಡುವವರಿಗೆ ಕೊಡುತ್ತಿದ್ದರು ಎನ್ನುವುದು ವಾಡಿಕೆಯ ಕಥನ. ಇಂದು ಎಲ್ಲರೂ ಮಾದರಿಯಾಗಿ ಹಿಡಿಯುವುದು ಅಲ್ಲಿನ ತೂರ್ಪ್ ಎಂಬ ಹಳ್ಳಿಯ ದ್ಯುಪೊಂ ಬ್ರೂವರಿಯ ಸೈಸಾನ್ ಅನ್ನು. ಅದರಲ್ಲಿ ಆಲ್ಕೋಹಾಲ್ ಶೇ 6.5. ಅದೇ ಬ್ರೂವರಿ ಜೇನು ಹಾಕಿದ ಬಿಯರನ್ನೂ ಮಾಡುತ್ತದೆ, ಅದರಲ್ಲಿ ಶೇ 8. ಅಲ್ಲಿಯ ಯೀಸ್ಟ್ 30 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆಯೂ ಆರಾಮವಾಗಿ ಕೆಲಸ ಮಾಡುತ್ತದೆ. ಬೇರೆ ಏಲ್ ಯೀಸ್ಟ್‌ಗಳಾದರೆ ಅಷ್ಟು ಬಿಸಿಗೆ ಘಾಟು ಬಿಯರ್ ಕೊಡುತ್ತವೆ. ಈ ಶೈಲಿಗೆ ಬಳಸುವ ಯೀಸ್ಟ್‌ಗಳಲ್ಲಿ ಹಲವು ‘ಡಯಾಸ್ಟಾಟಿಕಸ್’ ಎಂಬ ಬಗೆಗೆ ಸೇರಿದವು. ಇವು ಒಂದು ಕಿಣ್ವವನ್ನು ಹೊರಬಿಟ್ಟು, ಬೇರೆ ಯೀಸ್ಟ್‌ಗಳು ಬಿಟ್ಟುಹೋಗುವ ಡೆಕ್ಸ್‌ಟ್ರಿನ್‌ಗಳನ್ನೂ ತುಂಡರಿಸಿ ತಿನ್ನುತ್ತವೆ. ಸಾಮಾನ್ಯ ಏಲ್‌ನಲ್ಲಿ ಸಕ್ಕರೆಯ ಸುಮಾರು ಮುಕ್ಕಾಲು ಭಾಗ ಹುದುಗಿದರೆ ಇಲ್ಲಿ ಶೇ 85ರಿಂದ 95ರವರೆಗೂ ಹುದುಗುತ್ತದೆ. ಅಂಥ ಯೀಸ್ಟ್ ಮುಂದೆ ಜೇನು ಸುರಿದರೆ ಸಿಹಿ ಉಳಿಯುವುದಾದರೂ ಹೇಗೆ?

ಲವಂಗ, ಕಾಳುಮೆಣಸು ಕೂಡ ಇದೇ ಯೀಸ್ಟ್‌ನ ಕೊಡುಗೆ. ಮಾಲ್ಟ್‌ನಲ್ಲಿರುವ ಫೆರುಲಿಕ್ ಆಮ್ಲವನ್ನು ಅದು ಲವಂಗದ ಪರಿಮಳವುಳ್ಳ ಫಿನಾಲ್ ಆಗಿ ಬದಲಿಸುತ್ತದೆ. ಮಸಾಲೆ ಹಾಕಿರಬೇಕೆಂದಿಲ್ಲ. ನೊರೆ ಹೆಚ್ಚಿರುವುದು ಶೈಲಿಯ ಲಕ್ಷಣ, ಮಸುಕಿಗೆ ಸೋಸದೆ ಬಿಟ್ಟ ಯೀಸ್ಟ್ ಕಾರಣ. ಹುಳಿಗೆ ಮೂರು ಮೂಲಗಳಿವೆ. ತುಂಬಿ ಕರಗಿದ ಅನಿಲ ನಾಲಗೆಯನ್ನು ಚುರುಗುಟ್ಟಿಸುತ್ತದೆ; ಜೇನಿನ ಗ್ಲೂಕೋನಿಕ್ ಆಮ್ಲವನ್ನು ಯೀಸ್ಟ್ ತಿನ್ನುವುದಿಲ್ಲ, ಅದು ಬಿಯರಿನಲ್ಲಿ ಉಳಿದುಬಿಡುತ್ತದೆ; ಮುಚ್ಚಿಹಾಕಲು ಸಿಹಿ ಇಲ್ಲದಿರುವುದರಿಂದ ಇರುವ ಅಲ್ಪ ಹುಳಿಯೂ ಎದ್ದು ಕಾಣುತ್ತದೆ.

ಹಾಗಾದರೆ ಜೇನು ಎಲ್ಲಿ ಉಳಿಯುತ್ತದೆ? ಪರಿಮಳದಲ್ಲಿ. ನನಗೆ ಈ ಬಿಯರಿನ ಮೇಲೆ ಅಷ್ಟು ಅಕ್ಕರೆ ಇರುವುದೂ ಇದೇ ಕಾರಣಕ್ಕೆ. ಸಿಹಿಯ ಹೊದಿಕೆ ಕಳಚಿದ ಮೇಲೆ, ಜೇನುಹುಳ ಯಾವ ಹೂವಿಗೆ ಹೋಗಿತ್ತೋ ಆ ಹೂವಿನ ಗುರುತು ಮಾತ್ರ ಉಳಿಯುತ್ತದೆ. ಆದರೆ ಅದು ಸೂಕ್ಷ್ಮ. ತಯಾರಕರ ಕೈಯಲ್ಲಿ ಸುಲಭವಾಗಿ ಕಳೆದುಹೋಗುತ್ತದೆ. ಕುದಿಯುವಾಗ ಜೇನು ಹಾಕಿದರೆ ಪರಿಮಳ ಆವಿಯೊಂದಿಗೆ ಹಾರುತ್ತದೆ. ಹುದುಗುವಿಕೆ ಜೋರಾಗಿರುವಾಗ ಹಾಕಿದರೆ ಹೊರಬರುವ ಅನಿಲ ಅದನ್ನು ಹೊತ್ತೊಯ್ಯುತ್ತದೆ. ಮೊದಲ ಭರಾಟೆ ತಗ್ಗಿದ ಮೇಲೆ ಹಾಕಿದರೆ ಹೆಚ್ಚು ಉಳಿಯುತ್ತದೆ. ಯಾವ ಜೇನು ಎಂಬುದೂ ಮುಖ್ಯ. ತಿಳಿಬಣ್ಣದ ಮೃದು ಜೇನು ಲವಂಗ, ಮೆಣಸಿನ ನಡುವೆ ಕಾಣೆಯಾಗುತ್ತದೆ. ಸಹ್ಯಾದ್ರಿಯ ನೇರಳೆ ಹೂವಿನ ಜೇನಿನಂಥ ಗಾಢ, ತುಸು ಕಹಿ ಇರುವ ಜೇನು ಎದುರು ನಿಲ್ಲುತ್ತದೆ. ಪುಣೆಯವರಿಗೆ ಈ ವಿಷಯದಲ್ಲಿ ಭಾಗ್ಯವಿದೆ. ಪಕ್ಕದಲ್ಲೇ ಮಹಾಬಳೇಶ್ವರದ ಜೇನುಸೀಮೆ, ನಗರದೊಳಗೆ 1962ರಲ್ಲಿ ಆರಂಭವಾದ ಕೇಂದ್ರೀಯ ಜೇನು ಸಂಶೋಧನೆ ಮತ್ತು ತರಬೇತಿ ಸಂಸ್ಥೆ, ಜೊತೆಗೆ 2009ರಲ್ಲಿ ಇಲ್ಲಿಯೇ ಬಾಗಿಲು ತೆರೆದ ಡೂಲಾಲಿಯಿಂದ ಶುರುವಾದ ಮೈಕ್ರೊಬ್ರೂವರಿಗಳ ಸಾಲು. ಊರಿನ ಜೇನು ಬಳಸುವ ತಯಾರಕರು ಸಿಕ್ಕರೆ ಯಾವ ಹೂವಿನ ಕಾಲದ ಜೇನು, ಯಾವ ಹಂತದಲ್ಲಿ ಹಾಕಿದಿರಿ ಎಂದು ಕೇಳಿ. ನಿಜವಾಗಿ ಹಾಕಿದವರು ಈ ಪ್ರಶ್ನೆಗೆ ಖುಷಿಯಿಂದ ಉತ್ತರಿಸುತ್ತಾರೆ.

ಇಲ್ಲಿ ಒಂದು ವಿಚಿತ್ರವನ್ನು ಹೇಳಲೇಬೇಕು. ಗ್ಲಾಸು ಮೂಗಿನ ಬಳಿ ಬರುತ್ತಿದ್ದಂತೆ ‘ಆಹಾ, ಜೇನು’ ಎನಿಸುವ ಬಿಯರಿನಲ್ಲಿ ಎಷ್ಟೋ ಸಲ ಜೇನು ಇರುವುದೇ ಇಲ್ಲ. ‘ಹನಿ ಮಾಲ್ಟ್’ ಎಂಬ ಒಂದು ಬಗೆಯ ಬಾರ್ಲಿ ಮಾಲ್ಟ್ ಇದೆ. ಹೆಸರಿನಲ್ಲಿ ಮಾತ್ರ ಜೇನು, ಆದರೆ ಸಿಹಿಯನ್ನೂ ಜೇನಿನ ನೆನಪನ್ನೂ ಕೊಡುತ್ತದೆ. ಇನ್ನು ಆಮ್ಲಜನಕ ತಾಗಿ ಹಳಸುತ್ತಿರುವ ಸಾದಾ ಬಿಯರಿನಲ್ಲಿಯೂ ಜೇನಿನಂಥ ವಾಸನೆ ಹುಟ್ಟುತ್ತದೆ. ಪರೀಕ್ಷೆಯ ಮೇಜಿನಲ್ಲಿ ನಾವು ಅದನ್ನು ದೋಷವೆಂದೇ ಬರೆಯುತ್ತೇವೆ. ಜೇನು ಹಾಕಿಯೂ ಸಿಹಿಯಾಗಿಯೇ ಇರುವ ಬಿಯರುಗಳೂ ಇವೆ. ಅಲ್ಲಿ ಯೀಸ್ಟನ್ನು ಸೋಸಿ ತೆಗೆದೋ ಪಾಶ್ಚರೀಕರಿಸಿಯೋ ಕೊನೆಯಲ್ಲಿ ಜೇನು ಬೆರೆಸಿರುತ್ತಾರೆ. ತಪ್ಪೇನಿಲ್ಲ, ಆದರೆ ಅದನ್ನು ಕುಡಿದು ಬಂದ ನಾಲಗೆ ಸೈಸಾನ್‌ನಲ್ಲಿಯೂ ಅದನ್ನೇ ಹುಡುಕುತ್ತದೆ.

ಕೆಟ್ಟ ಬಿಯರಿನ ಗುರುತುಗಳು ಬೇರೆ. ವಿನೆಗರ್‌ನಂತೆ ಮೂಗಿಗೆ ಚುಚ್ಚುವ ಹುಳಿ, ಕರಗಿದ ಬೆಣ್ಣೆಯ ಜಿಡ್ಡು ವಾಸನೆ, ನೆನೆದ ರಟ್ಟಿನ ಮುಗ್ಗಲು, ಬ್ಯಾಂಡೇಜ್ ಅಥವಾ ಆಸ್ಪತ್ರೆಯ ವಾಸನೆ: ಇವು ಕಂಡರೆ ಸಂಕೋಚವಿಲ್ಲದೆ ಗ್ಲಾಸು ಹಿಂತಿರುಗಿಸಿ. ಕೊನೆಯದಕ್ಕೆ ಹಲವೊಮ್ಮೆ ನೀರಿನಲ್ಲಿ ಉಳಿದ ಕ್ಲೋರಿನ್ ಕಾರಣ. ನಿಮ್ಮ ‘ಒದ್ದೆ ಹುಲ್ಲು’ ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವಿನದೇ ಹಸಿರು ವಾಸನೆಯಾಗಿರಬಹುದು. ಅದು ಕೊಟ್ಟಿಗೆಯ ಕಡೆಗೆ, ಕುದುರೆ ಲಾಯದ ಕಡೆಗೆ ವಾಲಿದ್ದರೆ ಬ್ರೆಟನೊಮೈಸಿಸ್ ಎಂಬ ಇನ್ನೊಂದು ಯೀಸ್ಟ್ ಇದ್ದಿರಬೇಕು. ಕೆಲವರು ಅದನ್ನು ಬೇಕೆಂದೇ ಸೇರಿಸುತ್ತಾರೆ, ಕೆಲವರಲ್ಲಿ ಅದು ಕೊಳವೆಗಳ ಮೂಲಕ ನುಸುಳುತ್ತದೆ. ಬೇಕೆಂದು ಹಾಕಿದವರು ಫಲಕದಲ್ಲಿ ಹೇಳಿಕೊಂಡಿರುತ್ತಾರೆ. ಹೇಳಿರದಿದ್ದರೆ, ಬ್ರೂವರ್ ಯಾರೆಂದು ವಿಚಾರಿಸಿ ಅವರನ್ನೇ ಕೇಳಿ. ಬಡಿಸುವವರಿಗೆ ಇದು ಗೊತ್ತಿರಬೇಕೆಂದು ನಿರೀಕ್ಷಿಸುವುದು ಅನ್ಯಾಯ.

ಈಗ ಅಪ್ಪನ ಮಾತು. ಬಿಸಿ ಜೇನನ್ನು ಆಯುರ್ವೇದ ನಿಷೇಧಿಸುತ್ತದೆ. ಆ ನಂಬಿಕೆಯ ಕಾರಣಕ್ಕೆ ಅವರು ಇಂಥ ಬಿಯರಿನಿಂದ ದೂರ ಇರುವುದಾದರೆ ವಾದಕ್ಕಿಳಿಯುವ ಅಗತ್ಯ ನಿಮಗಿಲ್ಲ. ರಸಾಯನಶಾಸ್ತ್ರದ ದೃಷ್ಟಿಯಿಂದ ನೋಡಿದರೆ, ಕಾಯಿಸಿದಾಗ ಜೇನಿನಲ್ಲಿ ಹೆಚ್ಚುವ ಮುಖ್ಯ ವಸ್ತು ಎಚ್‌ಎಂಎಫ್, ಅಂದರೆ ಸಕ್ಕರೆ ಕಾದಾಗ ಹುಟ್ಟುವ ಹೈಡ್ರಾಕ್ಸಿಮೀಥೈಲ್‌ಫರ್ಫ್ಯುರಲ್. ಜೇನಿಗೆ ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನಕದಲ್ಲಿ ಇದರ ಮಿತಿ ಕಿಲೊಗೆ 40 ಮಿಲಿಗ್ರಾಂ, ಉಷ್ಣವಲಯದ ಜೇನಿಗೆ 80. ಈ ಮಿತಿಯ ಉದ್ದೇಶ ಜೇನು ತಾಜಾ ಇದೆಯೇ, ಅತಿಯಾಗಿ ಕಾಯಿಸಿದ್ದಾರೆಯೇ ಎಂದು ಅಳೆಯುವುದು. ನಾವು ದಿನವೂ ಕುಡಿಯುವ ಕಾಫಿಯ ಹುರಿದ ಪುಡಿಯಲ್ಲಿ ಈ ವಸ್ತು ಇದಕ್ಕಿಂತ ಹೆಚ್ಚು ಇರುತ್ತದೆ. ಬಿಯರಿನಲ್ಲಿ ಜೇನು ಲೀಟರಿಗೆ ಐವತ್ತು ಗ್ರಾಂ ಆಸುಪಾಸು ಮಾತ್ರ. ಆ ಲೋಟದಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ವಿಷ ಯಾವುದಾದರೂ ಇದ್ದರೆ ಅದು ಆಲ್ಕೋಹಾಲ್.

ಇದೇ ಮಾತು ನಿಮ್ಮ ಸಹೋದ್ಯೋಗಿಗೂ. ಸಕ್ಕರೆ ಉಳಿದಿಲ್ಲ ಎಂಬುದು ನಿಜ, ಅದರಿಂದ ಈ ಪಾನೀಯ ಔಷಧವಾಗುವುದಿಲ್ಲ. ಶೇ 6.5ರ ಬಿಯರಿನ 330 ಮಿಲಿಲೀಟರಿನಲ್ಲಿ ಆಲ್ಕೋಹಾಲ್ ಸುಮಾರು 17 ಗ್ರಾಂ ಇರುತ್ತದೆ, ಅದೊಂದರಿಂದಲೇ ಸುಮಾರು 120 ಕ್ಯಾಲರಿ. ಇನ್ಸುಲಿನ್ ಅಥವಾ ಸಲ್ಫೊನೈಲ್‌ಯೂರಿಯಾ ಗುಂಪಿನ ಮಾತ್ರೆ ತೆಗೆದುಕೊಳ್ಳುವವರಲ್ಲಿ ಆಲ್ಕೋಹಾಲ್ ರಕ್ತದ ಸಕ್ಕರೆಯನ್ನು ಅಪಾಯಕಾರಿ ಮಟ್ಟಕ್ಕೆ ಇಳಿಸಬಲ್ಲದು. ಅದೂ ಕುಡಿದು ಗಂಟೆಗಳ ನಂತರ, ನಿದ್ದೆಯಲ್ಲಿ. ಅಂಥವರಿಗೆ ‘ಜೇನಿನದು, ಕುಡಿಯಿರಿ’ ಎಂದು ಯಾರೂ ಹೇಳಬಾರದು.

ಬಾಟಲಿಯ ಲೆಕ್ಕಕ್ಕೆ ಬರೋಣ. ಲೀಟರಿಗೆ 4 ಗ್ರಾಂ ಸಕ್ಕರೆ ಹುದುಗಿದರೆ ಪ್ರತಿ ಲೀಟರ್ ಬಿಯರಿಗೆ ಸುಮಾರು ಒಂದು ಲೀಟರ್ ಅನಿಲ ಹುಟ್ಟುತ್ತದೆ. ಸೈಸಾನ್ ಬಾಟಲಿಯಲ್ಲಿ ಆಗಲೇ ಲೀಟರಿಗೆ ಮೂರು ಲೀಟರಿನಷ್ಟು ಅನಿಲ ಕರಗಿರುತ್ತದೆ, ತಳದಲ್ಲಿ ಜೀವಂತ ಯೀಸ್ಟ್‌ನ ಗಷ್ಟು ಇರುತ್ತದೆ. ಒಂದು ದೊಡ್ಡ ಚಮಚ ಜೇನು ಸುಮಾರು 20 ಗ್ರಾಂ, ಅದರಲ್ಲಿ ಸಕ್ಕರೆ 16 ಗ್ರಾಂ. ಮುಕ್ಕಾಲು ಲೀಟರಿಗೆ ಅದನ್ನು ಹಾಕಿದರೆ ಲೀಟರಿಗೆ ಐದು ಲೀಟರಿಗಿಂತ ಹೆಚ್ಚು ಹೊಸ ಅನಿಲ. ದಪ್ಪ ಗಾಜೂ ಇದಕ್ಕೆಂದು ಮಾಡಿದ್ದಲ್ಲ. ಪುಣೆಯ ಏಪ್ರಿಲ್ ಬಿಸಿಲಿನಲ್ಲಿ, ಮುಚ್ಚಿದ ಕಪಾಟಿನಲ್ಲಿ ಬಾಟಲಿ ಸಿಡಿದರೆ ಗಾಜಿನ ಚೂರು ಕಣ್ಣಿಗೆ ಹೋಗುತ್ತದೆ. ತೆರೆದ ಬಾಟಲಿಗೆ ಸುರಿದರೂ ಅನಿಲ ಒಮ್ಮೆಲೇ ಎದ್ದು ಅರ್ಧ ಬಿಯರ್ ಮೇಜಿನ ಮೇಲಿರುತ್ತದೆ.

ಆ ಬಾಟಲಿಯನ್ನು ಹೀಗೆ ಸವಿಯಿರಿ. ಎರಡು ದಿನ ಫ್ರಿಜ್‌ನಲ್ಲಿ ನೆಟ್ಟಗೆ ನಿಲ್ಲಿಸಿ, ಗಷ್ಟು ತಳಕ್ಕಿಳಿಯಲಿ. ಬೆಳಕಿಗೆ ಇಡಬೇಡಿ. ಬಿಸಿಲು ಹಾಪ್ಸ್‌ನ ಕಹಿ ಅಂಶದ ಮೇಲೆ ಬಿದ್ದರೆ ನಿಮಿಷಗಳಲ್ಲಿ ದುರ್ವಾಸನೆಯ ಗಂಧಕದ ಸಂಯುಕ್ತ ಹುಟ್ಟುತ್ತದೆ, ಹಸಿರು ಗಾಜು ಇದನ್ನು ತಡೆಯುವುದಿಲ್ಲ. ಹೊರತೆಗೆದು ಸುಮಾರು 10 ಡಿಗ್ರಿಗೆ ಬರುವವರೆಗೆ ಕಾಯಿರಿ, ಏಕೆಂದರೆ ಐಸ್‌ನಷ್ಟು ತಣ್ಣಗಿದ್ದರೆ ಪರಿಮಳ ಏಳುವುದೇ ಇಲ್ಲ. ಬಾಯಿ ಕಿರಿದಾದ, ಹೊಟ್ಟೆ ಅಗಲವಾದ ಗ್ಲಾಸು ಒಳ್ಳೆಯದು. ಪಾತ್ರೆ ತೊಳೆಯುವ ಸಾಬೂನಿನ ವಾಸನೆ ಅದರಲ್ಲಿ ಉಳಿದಿರಬಾರದು. ಅರ್ಧ ಮಾತ್ರ ಸುರಿಯಿರಿ.

ಪಕ್ಕದಲ್ಲಿ ಇನ್ನೊಂದು ಲೋಟದಲ್ಲಿ ಉಗುರುಬೆಚ್ಚಗಿನ ನೀರಿಗೆ ಅಪ್ಪನ ಜೇನನ್ನು ಒಂದು ಚಮಚ ಕರಗಿಸಿಡಿ. ಕುಡಿಯಲು ಅಲ್ಲ, ಮೂಸಲು. ಗಟ್ಟಿ ಜೇನಿಗಿಂತ ನೀರಿನಲ್ಲಿ ಬಿಡಿಸಿದ ಜೇನು ತನ್ನ ಹೂವಿನ ಗುಟ್ಟನ್ನು ಹೆಚ್ಚು ಬಿಟ್ಟುಕೊಡುತ್ತದೆ. ಅದನ್ನು ಮೂಸಿ, ನಂತರ ಬಿಯರನ್ನು ಮೂಸಿ. ಮೊದಲಿಗೆ ಲವಂಗ, ಮೆಣಸು, ಕಿತ್ತಳೆ ಸಿಪ್ಪೆ ಬರುತ್ತವೆ, ಅವು ಸರಿದುಹೋಗಲಿ. ಸಣ್ಣ ಗುಟುಕು ನುಂಗಿ, ಬಾಯಿ ಮುಚ್ಚಿಕೊಂಡು ಮೂಗಿನಿಂದ ನಿಧಾನವಾಗಿ ಉಸಿರು ಬಿಡಿ. ಜೇನು ಸಿಗುವುದಾದರೆ ಆ ಉಸಿರಿನಲ್ಲಿ ಸಿಗುತ್ತದೆ: ಮೇಣ, ಒಣಗಿದ ಹೂವು, ಸ್ವಲ್ಪ ಒಗರು. ಹತ್ತು ಹದಿನೈದು ನಿಮಿಷ ಬಿಟ್ಟು, ಬಿಯರ್ ಇನ್ನಷ್ಟು ಬೆಚ್ಚಗಾದಾಗ ಮತ್ತೆ ನೋಡಿ. ಹೊಸಬರನ್ನು ತರಬೇತಿಗೆ ಕೂರಿಸಿದಾಗ ಬಹಳಷ್ಟು ಮಂದಿ ಜೇನನ್ನು ಗುರುತಿಸುವುದು ಈ ಎರಡನೆಯ ಸುತ್ತಿನಲ್ಲಿಯೇ. ಜೊತೆಗೆ ತಿನ್ನಲು ಕೊತ್ತಂಬರಿ ವಡಿಯೋ ಉಪ್ಪು ಹಚ್ಚಿ ಹುರಿದ ಸೀಗಡಿಯೋ ಸೊಗಸು. ಖಾರದ ಮಿಸಳ್ ಬೇಡ, ಇಷ್ಟು ಅನಿಲವಿರುವ ಒಣ ಬಿಯರ್ ಖಾರವನ್ನು ಇನ್ನಷ್ಟು ಉರಿಸುತ್ತದೆ.

ಸಿಹಿ ಬೇಕೇ ಬೇಕು ಅನ್ನಿಸಿದರೆ, ಗ್ಲಾಸಿನ ತಳದಲ್ಲಿ ಅರ್ಧ ಚಮಚ ಜೇನನ್ನು ಸ್ವಲ್ಪ ನೀರಿನಲ್ಲಿ ಸಡಿಲಿಸಿ ಅದರ ಮೇಲೆ ಬಿಯರನ್ನು ಮೆಲ್ಲಗೆ ಸುರಿದು ಆಗಲೇ ಕುಡಿಯಬಹುದು. ಅಪಾಯವಿಲ್ಲ. ತಯಾರಕರು ಶ್ರಮದಿಂದ ತಂದ ಒಣತನ ಮಾತ್ರ ಮಾಯವಾಗುತ್ತದೆ. ಬಾಟಲಿಯನ್ನು ವರ್ಷಗಟ್ಟಲೆ ಕಾಪಿಡುವ ಯೋಚನೆ ಇದ್ದರೆ ನನ್ನ ಸಲಹೆ ಬೇಡವೆಂದೇ. ಬಲವಾದ ಬಿಯರ್ ತಂಪಿನಲ್ಲಿ ಬಾಳುತ್ತದೆ, ಆದರೆ ಜೇನಿನ ಪರಿಮಳ ಮೊದಲು ಸಾಯುತ್ತದೆ. ನಮ್ಮ ಮನೆಗಳ ಬೇಸಿಗೆಗೆ ಅದು ಇನ್ನೂ ಬೇಗ.

ಇನ್ನು ಅಪ್ಪನ ಜೇನಿನ ಬಿಯರ್. ಮನೆಯಲ್ಲಿ ಮಾಡುವ ಯೋಚನೆ ಬಿಡಿ, ಮಹಾರಾಷ್ಟ್ರದಲ್ಲಿ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಮೈಕ್ರೊಬ್ರೂವರಿಯೊಂದನ್ನು ಒಪ್ಪಿಸುವುದೇ ದಾರಿ, ಮತ್ತು ಅದು ಕೇಳಿನೋಡುವಂಥದ್ದೇ. ಆದರೆ ಪ್ರಮಾಣ ಗಮನಿಸಿ. 500 ಲೀಟರಿನ ತೊಟ್ಟಿಗೆ 20 ಲೀಟರಿಗೊಂದು ಕಿಲೊ ಎಂದರೆ 25 ಕಿಲೊ ಜೇನು. ನೀವು ಊರಿಂದ ತರುವ ಐದು ಕಿಲೊ ಅದರಲ್ಲಿ ಮುಳುಗಿಹೋಗುತ್ತದೆ. ಅದೇ ಐದು ಕಿಲೊವನ್ನು ಸುಮಾರು 100 ಲೀಟರಿನ ಸಣ್ಣ ಪಾಲಿಗೆ ಹಾಕಿದರೆ ಪರಿಮಳ ತಿಳಿಯುತ್ತದೆ. ಬ್ರೂವರ್ ಮೊದಲು ಕೇಳುವುದು ತೇವಾಂಶವನ್ನು. ನಮ್ಮ ದೇಶದ ಮಾನಕದಲ್ಲಿ ಜೇನಿನ ತೇವಾಂಶ ಶೇ 20 ಮೀರಬಾರದು. ಮಲೆನಾಡಿನ ತುಡುವೆ ಜೇನು, ಅದರಲ್ಲೂ ಮಳೆ ಹಿಡಿದ ಮೇಲೆ ತೆಗೆದದ್ದು, ಅದಕ್ಕಿಂತ ನೀರಾಗಿರುವುದುಂಟು. ಅಂಥದ್ದು ಡಬ್ಬಿಯಲ್ಲೇ ಹುದುಗಲು ಶುರುವಾಗುತ್ತದೆ. ಎರಿಗಳ ಕಣ್ಣುಗಳಿಗೆ ಹುಳಗಳು ಮೇಣದ ಮುಚ್ಚಳ ಹಾಕಿದ ಮೇಲೆಯೇ ತೆಗೆಯಲು ಅಪ್ಪನಿಗೆ ಹೇಳಿ. ಅವರಿಗೆ ಇದು ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಹಸಿ ಜೇನಿನಲ್ಲಿ ಕಾಡು ಯೀಸ್ಟ್ ಮಲಗಿರುವುದರಿಂದ ಕೆಲವು ಬ್ರೂವರುಗಳು ಅದನ್ನು ನೀರಿನಲ್ಲಿ ಬಿಡಿಸಿ ಸ್ವಲ್ಪ ಕಾಯಿಸಿಯೇ ಹಾಕುತ್ತಾರೆ. ಕಾಯಿಸದಿದ್ದರೆ ಪರಿಮಳ ಹೆಚ್ಚು, ಸೋಂಕಿನ ಭಯವೂ ಹೆಚ್ಚು. ಆ ನಿರ್ಧಾರವನ್ನು ಅವರಿಗೇ ಬಿಡಿ. ಒಂದು ಷರತ್ತನ್ನು ಮಾತ್ರ ನೀವು ಹಾಕಿ: ಅದೇ ತೊಟ್ಟಿಯಿಂದ ಜೇನು ಸೇರಿಸದ ಕೆಲವು ಲೀಟರನ್ನು ಬೇರೆ ಹುದುಗಿಸಿಡಬೇಕು. ಮೂರು ಗ್ಲಾಸು, ಎರಡರಲ್ಲಿ ಒಂದೇ ಬಿಯರ್, ಮೂರನೆಯದರಲ್ಲಿ ಇನ್ನೊಂದು, ಯಾವುದು ಯಾವುದೆಂದು ಹೇಳದೆ ಮುಂದಿಡಲು ಕೇಳಿ. ನಿಮ್ಮ ತೋಟದ ಜೇನು ಬಿಯರಿನಲ್ಲಿ ಉಳಿದಿದೆಯೇ ಎಂಬುದಕ್ಕೆ ನಂಬಬಹುದಾದ ಉತ್ತರ ಆ ಮೂರು ಗ್ಲಾಸುಗಳಲ್ಲಿ ಸಿಗುತ್ತದೆ.